ಹಿರಿಯರಿಗೆ ಎಷ್ಟು ಆರೈಕೆ ಬೇಕು? ವೃದ್ಧಾಶ್ರಮ ಸೇರಿಸುವ ಮುನ್ನ ಮಾಡಬೇಕಾದ ಒಂದು ಲೆಕ್ಕ



ಯಾವುದಾದರೂ ವೃದ್ಧಾಶ್ರಮಕ್ಕೆ ಫೋನ್ ಮಾಡಿ ವಿಚಾರಿಸಿ ನೋಡಿ. ಹೆಚ್ಚಾಗಿ ಆ ಕಡೆಯಿಂದ ಮೂರು ಪ್ರಶ್ನೆ ಬರುತ್ತವೆ. ವಯಸ್ಸೆಷ್ಟು? ಕಾಯಿಲೆ ಏನು? ನಡೆದಾಡ್ತಾರಾ? ಮೂರಕ್ಕೂ ಉತ್ತರ ಕೊಟ್ಟರೆ ಮುಂದಿನ ಮಾತು ತಿಂಗಳಿಗೆ ಎಷ್ಟು, ಡಿಪಾಜಿಟ್ ಎಷ್ಟು ಅನ್ನುವುದು. ಅಪ್ಪನಿಗೋ ಅಮ್ಮನಿಗೋ ದಿನಕ್ಕೆ ಎಷ್ಟು ಹೊತ್ತಿನ ಆರೈಕೆ ಬೇಕು ಎಂಬ ತೀರ್ಮಾನ ಆ ಎರಡು ನಿಮಿಷದಲ್ಲೇ ಆಗಿಹೋಗಿರುತ್ತದೆ. ಯಾರೂ ಅವರನ್ನು ಕಣ್ಣಾರೆ ನೋಡಿರುವುದಿಲ್ಲ.

ಆ ಮೂರು ಪ್ರಶ್ನೆಗಳಿಂದ ತಿಳಿಯುವುದು ಕಡಿಮೆ. 82 ವರ್ಷದ ಒಬ್ಬರು ಬೆಳಿಗ್ಗೆ ಎದ್ದು ತಾವೇ ಝಳಕ ಮಾಡಿ ಪೇಪರ್ ಓದುತ್ತ ಕೂತಿರುತ್ತಾರೆ. ಅದೇ ವಯಸ್ಸಿನ ಇನ್ನೊಬ್ಬರಿಗೆ ಮಗ್ಗುಲು ಬದಲಿಸುವುದಕ್ಕೂ ಇಬ್ಬರು ಬೇಕು. ಸಕ್ಕರೆ ಕಾಯಿಲೆ ಅನ್ನುವ ಹೆಸರು ಇಬ್ಬರಿಗೂ ಒಂದೇ, ಕೆಲಸ ಮಾತ್ರ ಬೇರೆ. ಇನ್ನು 'ನಡೆದಾಡ್ತಾರಾ' ಅನ್ನುವ ಪ್ರಶ್ನೆ. ಮರೆವಿನ ಕಾಯಿಲೆ ಬಂದವರು ಚೆನ್ನಾಗಿಯೇ ನಡೆಯುತ್ತಾರೆ. ಗೇಟು ದಾಟಿ ಬಸ್ ಸ್ಟ್ಯಾಂಡಿನ ತನಕ ಹೋಗುತ್ತಾರೆ, ಅವರನ್ನು ನೋಡಿಕೊಳ್ಳುವವರ ಕಷ್ಟವೇ ಅದು.

ಹಾಗಾದರೆ ಅಳೆಯುವುದು ಹೇಗೆ? ಅದಕ್ಕೊಂದು ಕ್ರಮವಿದೆ, ಅರವತ್ತು ವರ್ಷಕ್ಕೂ ಹಳೆಯದು. ಅದನ್ನು ತಿಳಿಯಲು ವೈದ್ಯರೇ ಆಗಬೇಕಿಲ್ಲ. ನಿಮ್ಮ ಮನೆಯಲ್ಲೇ ಕಾಗದ ಪೆನ್ನು ಹಿಡಿದು ಒಂದು ದಿನ ಮಾಡಬಹುದು.

ಬಾರಾಮತಿಯ ಒಬ್ಬ ಅಜ್ಜಿ

ಸುಮ್ಮನೆ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಡಿ ತಾಲ್ಲೂಕಿನ ಹಳ್ಳಿಯ ಒಬ್ಬ ಅಜ್ಜಿ. ವಯಸ್ಸು ಎಪ್ಪತ್ತೆಂಟು ಇರಬಹುದು, ಹುಟ್ಟಿದ ತಾರೀಖು ಅವರಿಗೇ ಗೊತ್ತಿಲ್ಲ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ, ಸೊಸೆಯೂ ಕೆಲಸಕ್ಕೆ ಹೋಗುತ್ತಾಳೆ. ಪುಣೆ ಪಟ್ಟಣದೊಳಗಿನ ಖರ್ಚು ತಡೆಯದೆ, ಸುಮಾರು 100 ಕಿಲೋಮೀಟರ್ ಆಚೆಗಿನ ಬಾರಾಮತಿಯಲ್ಲಿ ಒಂದು ವೃದ್ಧಾಶ್ರಮ ನೋಡುತ್ತಿದ್ದಾರೆ ಅಂದುಕೊಳ್ಳಿ.

ಅಜ್ಜಿಗೆ ಆ ಊರು ತೀರಾ ಪರಕೀಯವೇನಲ್ಲ. ಬಾರಾಮತಿಯ ಕರ್ಹಾ ನದಿ ನೀರಾ ನದಿಗೆ ಸೇರುತ್ತದೆ, ನೀರಾ ಭೀಮೆಗೆ ಸೇರುತ್ತದೆ, ಆ ಭೀಮೆಯೇ ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವುದು. ಅಲ್ಲಿಯೂ ಕಬ್ಬು, ಜೋಳ. ಭಾಕರಿಯೂ ರೊಟ್ಟಿಯೂ ಒಂದೇ ಜಾತಿ. ಆಸ್ಪತ್ರೆಗೂ ಪುಣೆಗೆ ಓಡಬೇಕಿಲ್ಲ. 2019ರಿಂದ ಅಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಭಾಷೆ ಮಾತ್ರ ಬೇರೆ. ಅಲ್ಲಿ ಆರೈಕೆಗೆ ನಿಲ್ಲುವ ಹೆಂಗಸರನ್ನು 'ಮಾವಶಿ' ಅಂತ ಕರೆಯುತ್ತಾರೆ, ಅವರ ಮಾತು ಮರಾಠಿ. ಅಜ್ಜಿಯದು ಇಂಡಿಯ ಕನ್ನಡ. ಈ ಭಾಷೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಲೆಕ್ಕ ತಪ್ಪುವುದು ಅಲ್ಲೇ ಹೆಚ್ಚು.

ಆರು ಕೆಲಸಗಳು, ಹತ್ತು ಕೆಲಸಗಳು

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಸೊಂಟದ ಮೂಳೆ ಮುರಿದವರನ್ನು, ಪಾರ್ಶ್ವವಾಯು ಹೊಡೆದವರನ್ನು ಗಮನಿಸುತ್ತ 1963ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಅದರಲ್ಲಿ ಆರೇ ಕೆಲಸ. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ತಾವೇ ಮಾಡಿಕೊಳ್ಳುತ್ತಾರೋ, ಇನ್ನೊಬ್ಬರ ಕೈ ಬೇಕೋ?

ಕಾಟ್ಜ್ ಇನ್ನೊಂದು ಸಂಗತಿಯನ್ನೂ ಗುರುತಿಸಿದರು. ಈ ಶಕ್ತಿಗಳು ಮನಬಂದಂತೆ ಹೋಗುವುದಿಲ್ಲ, ಅದಕ್ಕೊಂದು ಸಾಲಿದೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕಟ್ಟಕಡೆಗೆ ಕೈಬಿಡುವುದು ಊಟ. ಮಗು ಬೆಳೆಯುವಾಗ ಮೊದಲು ತಾನೇ ಉಣ್ಣಲು ಕಲಿಯುತ್ತದೆ, ತಾನೇ ಸ್ನಾನ ಮಾಡುವುದು ಎಷ್ಟೋ ವರ್ಷ ತಡ. ಇಳಿಯುವಾಗ ಅದೇ ಮೆಟ್ಟಿಲು ಹಿಂದುಮುಂದಾಗಿ. ಹಾಗಾಗಿ ನಿಮ್ಮ ತಾಯಿ 'ಇವತ್ತು ಚಳಿ, ಝಳಕ ಬ್ಯಾಡ' ಅನ್ನುವುದು ಪದೇ ಪದೇ ಆದರೆ ಸೋಮಾರಿತನ ಅಂದುಕೊಳ್ಳಬೇಡಿ. ಬಚ್ಚಲಲ್ಲಿ ಬೀಳುವ ಭಯ ಶುರುವಾಗಿರಬಹುದು.

ಎರಡು ವರ್ಷಗಳ ನಂತರ, 1965ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಫ್ಲಾರೆನ್ಸ್ ಮಹೋನಿ ಮತ್ತು ಡೊರೊಥಿಯಾ ಬಾರ್ಥೆಲ್ ಇಂಥದೇ ಹತ್ತು ಕೆಲಸಗಳಿಗೆ ಅಂಕ ಹಾಕುವ ಪಟ್ಟಿ ಪ್ರಕಟಿಸಿದರು. ಒಟ್ಟು 100 ಅಂಕ. ಬಾರ್ಥೆಲ್ ಸೂಚ್ಯಂಕ ಅಂತ ಅದರ ಹೆಸರು, ಫಿಸಿಯೋಥೆರಪಿಸ್ಟರಿಗೆಲ್ಲ ಗೊತ್ತಿರುತ್ತದೆ. ನಮ್ಮ ಅಜ್ಜಿಗೆ ಅಂಕ ಹಾಕಿ ನೋಡೋಣ.

ಊಟ ತಾವೇ ಮಾಡುತ್ತಾರೆ, ರೊಟ್ಟಿ ಸಾರಿನಲ್ಲಿ ನೆನೆದಿರಬೇಕು ಅಷ್ಟೆ. 10ಕ್ಕೆ 10. ಸ್ನಾನಕ್ಕೆ ಒಬ್ಬರು ನೀರು ಹಾಕಬೇಕು, ಬೆನ್ನು ತಿಕ್ಕಬೇಕು. 5ಕ್ಕೆ ಸೊನ್ನೆ. ಈ ಕೆಲಸಕ್ಕೆ ಅರ್ಧ ಅಂಕ ಇಲ್ಲ, ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಅಂದರೂ ಸೊನ್ನೆಯೇ. ಮುಖ ತೊಳೆದು ತಲೆ ಬಾಚಿಕೊಳ್ಳುತ್ತಾರೆ, 5. ಸೀರೆಯ ನೆರಿಗೆ ಹಿಡಿಯಲು ಕೈ ಬೇಕು, ಕುಪ್ಪಸ ತಾವೇ ಹಾಕಿಕೊಳ್ಳುತ್ತಾರೆ. 10ಕ್ಕೆ 5. ಮಲದ ಹಿಡಿತ ಇದೆ, 10. ಮೂತ್ರ ಆಗಾಗ ಸೀರೆಯಲ್ಲೇ ಆಗುತ್ತದೆ, 5. ಸಂಡಾಸಿಗೆ ಹೋಗಿ ಕೂತು ಏಳಲು ಸಹಾಯ, 5. ಹಾಸಿಗೆಯಿಂದ ಕುರ್ಚಿಗೆ ಬರಲು ಕೈ ಆಸರೆ ಕೊಟ್ಟರೆ ಸಾಕು, 15ಕ್ಕೆ 10. ಒಬ್ಬರು ಜೊತೆಗಿದ್ದರೆ ನಡೆಯುತ್ತಾರೆ, 15ಕ್ಕೆ 10. ಮೆಟ್ಟಿಲು ಆಗುವುದೇ ಇಲ್ಲ, ಸೊನ್ನೆ.

ಕೂಡಿಸಿದರೆ 60. ಸಾಮಾನ್ಯವಾಗಿ ಬಳಸುವ ವಿಂಗಡಣೆಯಲ್ಲಿ 21ರಿಂದ 60ರವರೆಗೆ ತೀವ್ರ ಅವಲಂಬನೆ, 61ರಿಂದ 90 ಮಧ್ಯಮ. ಫೋನಿನಲ್ಲಿ 'ಹೌದು, ನಡೆದಾಡ್ತಾರೆ' ಅಂತ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಒಂದು ಮಾತಿನ ಮೇಲೆ ಅವರನ್ನು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರ ಕೋಣೆಗೆ ಹಾಕಿದರೆ, ಮೊದಲ ವಾರದಲ್ಲೇ ಬಚ್ಚಲಲ್ಲಿ ಜಾರಿ ಬೀಳುವ ಸಂಭವ ಇದೆ.

ಇಲ್ಲಿ ಒಂದು ಮಾತು. ಈ ಪಟ್ಟಿಗಳು ಹುಟ್ಟಿದ್ದು ಮಂಚ, ಕಮೋಡು, ಚಮಚ ಇರುವ ನಾಡಿನಲ್ಲಿ. ನಮ್ಮ ಹಿರಿಯರಲ್ಲಿ ಅನೇಕರು ನೆಲದ ಮೇಲೆ ಚಾಪೆ ಹಾಸಿ ಮಲಗಿದವರು, ಕುಕ್ಕರಗಾಲಲ್ಲಿ ಕೂತು ಅಭ್ಯಾಸವಾದವರು. ಮನೆಯಲ್ಲಿ ನೆಲದಿಂದ ಏಳಲು ಇಬ್ಬರು ಬೇಕಾಗಿದ್ದ ಅಜ್ಜಿ ಎತ್ತರದ ಮಂಚದಿಂದ ತಾವೇ ಏಳಬಹುದು. ಮಂಚ, ಗೋಡೆಗೆ ಹಿಡಿಕೆ, ಕಮೋಡು, ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು ಇಷ್ಟು ಕೊಟ್ಟು ನೋಡಿದರೆ 60 ಇದ್ದದ್ದು 70 ಆಗಿ ಕಾಣಿಸಬಹುದು. ಆದ್ದರಿಂದ ಎಲ್ಲಿ ಇರಬೇಕೋ ಅಲ್ಲಿಯೇ, ಅಲ್ಲಿನ ಬಚ್ಚಲು ಸಂಡಾಸಿನಲ್ಲೇ ಅಳೆಯಬೇಕು. ಮನೆಯಲ್ಲಿ ಮಾಡಿದ ಲೆಕ್ಕವನ್ನು ಆಶ್ರಮಕ್ಕೆ ಕೊಡಿ, ಎರಡು ವಾರವಾದ ಮೇಲೆ ಅಲ್ಲಿ ಮತ್ತೊಮ್ಮೆ ಮಾಡಿಸಿ.

'ಮಾಡಬಲ್ಲರು' ಬೇರೆ, 'ಮಾಡುತ್ತಾರೆ' ಬೇರೆ

ಅಂಕ ಹಾಕುವಾಗ ಅವರು ಏನು ಮಾಡಬಲ್ಲರು ಅಂತ ನೋಡಬಾರದು, ದಿನಾ ಏನು ಮಾಡುತ್ತಾರೆ ಅಂತ ನೋಡಬೇಕು. ಡಾಕ್ಟರ ಮುಂದೆ ಒಂದು ಸಲ ಎದ್ದು ನಿಂತು ನಾಲ್ಕು ಹೆಜ್ಜೆ ಹಾಕುವುದು ಬೇರೆ. ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಎದ್ದು ಸಂಡಾಸಿಗೆ ಹೋಗಿ ಬರುವುದು ಬೇರೆ.

ಕೇಳಿ ಬರೆದುಕೊಂಡರೆ ಸಾಲದು, ನೋಡಿಯೇ ಬರೆಯಬೇಕು. ನಮ್ಮ ಹಿರಿಯರ ಸ್ವಭಾವ ಗೊತ್ತಲ್ಲ? 'ನಂದೆಲ್ಲಾ ನಾನಽ ಮಾಡ್ಕೋತೀನಿ' ಅನ್ನುತ್ತಾರೆ. ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳುವುದು ಅವರಿಗೆ ನಾಚಿಕೆ. ಸೀರೆ ಒದ್ದೆಯಾಗುತ್ತದೆ ಅಂತ ಹೆತ್ತ ಮಗನ ಎದುರು ಬಾಯಿ ಬಿಡುವುದಿಲ್ಲ. ಮಕ್ಕಳೂ ಕಡಿಮೆ ಇಲ್ಲ. ಫೀಸು ಏರದಿರಲಿ ಅಂತ ತಾಯಿಯ ಶಕ್ತಿಯನ್ನು ಹೆಚ್ಚು ಮಾಡಿ ಹೇಳುವವರಿದ್ದಾರೆ. ಚೆನ್ನಾಗಿ ನೋಡಿಕೊಳ್ಳಲಿ ಅಂತ ಕಡಿಮೆ ಮಾಡಿ ಹೇಳುವವರೂ ಇದ್ದಾರೆ. ಒಂದು ದಿನ, ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ, ಯಾರಾದರೂ ಒಬ್ಬರು ಜೊತೆಗಿದ್ದು ಬರೆದುಕೊಂಡರೆ ಇದೆಲ್ಲ ತೀರುತ್ತದೆ. ರಾತ್ರಿ ಬಿಡಬೇಡಿ. ಎಷ್ಟು ಸಲ ಎದ್ದರು, ಏಳುವಾಗ ಯಾರನ್ನಾದರೂ ಕರೆದರಾ, ಬರೆದಿಡಿ.

ಬೀಳುವ ಅಪಾಯಕ್ಕೆ ಒಂದು ಸಣ್ಣ ಪರೀಕ್ಷೆ ಇದೆ, 1991ರಿಂದ ಬಳಕೆಯಲ್ಲಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಮಾಮೂಲಿ ನಡಿಗೆ ಸಾಕು, ಕೋಲು ಹಿಡಿಯುವ ಅಭ್ಯಾಸವಿದ್ದರೆ ಹಿಡಿಯಲಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ತಿಳಿದು ವೈದ್ಯರಿಗೆ ತೋರಿಸಬೇಕು. ಪರೀಕ್ಷೆ ಮಾಡುವಾಗ ನೀವು ಪಕ್ಕದಲ್ಲೇ ಇರಿ.

ಯಾವಾಗ ಅಳೆಯಬಾರದು ಅನ್ನುವುದೂ ಮುಖ್ಯ. ಆಸ್ಪತ್ರೆಯಿಂದ ಬಂದ ಮರುದಿನ ಬೇಡ. ಜ್ವರ ಇದ್ದಾಗ, ಹೊಸ ಮಾತ್ರೆ ಶುರುವಾದಾಗ ಬೇಡ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಆದರೆ, ರಕ್ತದಲ್ಲಿ ಸೋಡಿಯಂ ಇಳಿದರೆ ಒಂದೆರಡು ದಿನದಲ್ಲೇ ಮಾತು ಗೊಂದಲವಾಗುತ್ತದೆ, ಇಲ್ಲದವರು ಕಂಡಂತಾಗುತ್ತದೆ. ಇದನ್ನು ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಬಹಳ ಸಲ ಇಳಿಯುತ್ತದೆ. ನಿನ್ನೆ ಮೊನ್ನೆ ತನಕ ಸರಿಯಿದ್ದವರು ಇವತ್ತು ಹೀಗಾದರೆ 'ವಯಸ್ಸಾಯ್ತು, ಅರಳು ಮರಳು' ಅಂತ ಸುಮ್ಮನಿರದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಅಜ್ಜಿಯ ಭಾಷೆಯಲ್ಲಿ ಕೇಳಿದರಾ?

ಈಗ ಭಾಷೆಯ ವಿಷಯ. ಪರಊರಲ್ಲಿರುವ ನಾವು ಕನ್ನಡಿಗರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ.

ಬಾರಾಮತಿಯ ಆಶ್ರಮದ ಸಿಸ್ಟರ್ ಅಜ್ಜಿಯನ್ನು ಮರಾಠಿಯಲ್ಲಿ ಕೇಳುತ್ತಾರೆ ಅಂತಿಟ್ಟುಕೊಳ್ಳಿ: 'ಆಜಿ, ಕಾಲ್ ಪಡಲಾತ್ ಕಾ?' ಅಂದರೆ ನಿನ್ನೆ ಬಿದ್ದಿರಾ ಅಂತ. ಮರಾಠಿಯ 'ಕಾಲ್' ಅಂದರೆ ನಿನ್ನೆ. ಅಜ್ಜಿಯ ಕಿವಿಗೆ ಅದು ನಮ್ಮ ಕಾಲು. ಅವರು ಮೊಣಕಾಲು ತೋರಿಸಿ 'ಹೌದವ್ವ, ಭಾಳ ಬ್ಯಾನಿ' ಅನ್ನುತ್ತಾರೆ. ಸಿಸ್ಟರಿಗೆ 'ಬ್ಯಾನಿ' ಅಂದರೆ ನೋವು ಅಂತ ತಿಳಿಯುವುದಿಲ್ಲ. ಅವರು ಬರೆದುಕೊಳ್ಳುವುದು ಏನು? 'ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ. ಗೊಂದಲ ಇದೆ.' ಯಾರ ತಪ್ಪೂ ಇಲ್ಲ. ಆದರೆ ಆ ಒಂದು ಸಾಲು ಫೈಲಿನಲ್ಲಿ ಕೂತರೆ, ಬುದ್ಧಿ ನೆಟ್ಟಗಿರುವ ಅಜ್ಜಿ ಮರೆವಿನವರ ಸಾಲಿಗೆ ಸೇರಿಬಿಡುತ್ತಾರೆ. ಆಮೇಲೆ ಅವರು ನಿಜವಾಗಿ ನೋವು ಅಂದಾಗಲೂ ಯಾರೂ ಕಿವಿಗೊಡುವುದಿಲ್ಲ.

ಇದರ ಉಲ್ಟಾ ಕೂಡ ಆಗಬಹುದು. ನಿಜವಾಗಿಯೇ ಮರೆವು ಶುರುವಾಗಿದ್ದರೂ 'ಪಾಪ, ಭಾಷೆ ಬರೋಲ್ಲ' ಅಂತ ಬಿಟ್ಟುಬಿಡುತ್ತಾರೆ. ಡಿಮೆನ್ಷಿಯಾ ಬಂದವರಲ್ಲಿ ನಡುವೆ ಕಲಿತ ಭಾಷೆ ಮೊದಲು ಮಾಸಿ, ತಾಯ್ನುಡಿ ಹೆಚ್ಚು ಕಾಲ ಉಳಿಯುವುದೂ ಉಂಟು. ನಲವತ್ತು ವರ್ಷ ಪುಣೆಯಲ್ಲಿ ಸಲೀಸಾಗಿ ಮರಾಠಿ ಮಾತಾಡಿದ ಅಪ್ಪ ಈಗ ಬರೀ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರೆ ಅದನ್ನೂ ಬರೆದಿಡಬೇಕು.

ಓದು ಬರಹದ್ದು ಇನ್ನೊಂದು ತೊಡಕು. ಜಗತ್ತಿನಲ್ಲೆಲ್ಲ ಬಳಸುವ ಒಂದು ಮನಸ್ಸಿನ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಬಂದದ್ದು. ಅದರಲ್ಲಿ ಇವತ್ತಿನ ತಾರೀಖು ಕೇಳುತ್ತಾರೆ, ನೂರರಿಂದ ಏಳೇಳು ಕಳೆಯಲು ಹೇಳುತ್ತಾರೆ, ಒಂದು ವಾಕ್ಯ ಬರೆಯಿರಿ ಅನ್ನುತ್ತಾರೆ. ಶಾಲೆಯ ಮುಖ ನೋಡದ ನಮ್ಮ ಅಜ್ಜಿ ಇದರಲ್ಲಿ ಫೇಲಾಗಲು ಮರೆವು ಬೇಕಾಗಿಯೇ ಇಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದ ಭಾರತ ಮತ್ತು ಅಮೆರಿಕದ ಸಂಶೋಧಕರಿಗೆ ಇದು ಅರ್ಥವಾಯಿತು. ಅವರು 1995ರಲ್ಲಿ ಹಿಂದಿಯಲ್ಲಿ ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಈಗ ಬೆಳಿಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಅಂತ ಕೇಳುತ್ತಾರೆ. ಇಪ್ಪತ್ತರಿಂದ ಮೂರು ಮೂರು ಕಳೆಯಬೇಕು. ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಅನ್ನುತ್ತಾರೆ. ಅದೇ ತಂಡ 1999ರಲ್ಲಿ, ಓದು ಬಾರದ ಹಿರಿಯರ ದಿನನಿತ್ಯದ ಸಾಮರ್ಥ್ಯವನ್ನು ಮನೆಯವರಿಂದ ಕೇಳಿ ತಿಳಿಯುವ ಪಟ್ಟಿಯನ್ನೂ ಪ್ರಕಟಿಸಿತು.

ಕನ್ನಡದಲ್ಲೂ ಇದೆಯೇ? ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಬೆಂಗಳೂರಿನ ನಿಮ್ಹಾನ್ಸ್ ಮುಂತಾದ ಸಂಸ್ಥೆಗಳ ಜೊತೆ ಸೇರಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಮತ್ತು ಕನ್ನಡ ಈ ಐದು ಭಾಷೆಗಳಲ್ಲಿ ಮರೆವಿನ ಪರೀಕ್ಷೆಗಳ ಒಂದು ಕಟ್ಟನ್ನು ಸಿದ್ಧಪಡಿಸಿದೆ. ಇದು ಪರಿಣತರು ಮಾಡಬೇಕಾದದ್ದು. ನಿಮ್ಮ ತಂದೆಗೋ ತಾಯಿಗೋ ಮರೆವಿನ ಅನುಮಾನ ಇದ್ದರೆ, ಆಶ್ರಮ ಸೇರಿಸುವ ಮೊದಲೇ ಊರಿಗೆ ಹೋದಾಗ ಕನ್ನಡ ಬಲ್ಲ ವೈದ್ಯರಲ್ಲಿ ಪರೀಕ್ಷೆ ಮಾಡಿಸಿ ಆ ಕಾಗದ ಇಟ್ಟುಕೊಳ್ಳುವುದು ಜಾಣತನ. ಅದಕ್ಕೂ ಮುಂಚೆ ಕಿವಿ, ಕಣ್ಣು ತೋರಿಸಿ. ಕಿವಿ ಕೇಳದವರು, ಪೊರೆ ಬಂದು ಕಣ್ಣು ಮಂಜಾದವರು ಎಲ್ಲ ಪರೀಕ್ಷೆಯಲ್ಲೂ ಹಿಂದೆ ಬೀಳುತ್ತಾರೆ. ಹಾಗೆಯೇ ಮನಸ್ಸು ಕುಗ್ಗಿದವರು. ಗಂಡ ತೀರಿಕೊಂಡು, ಮನೆ ಬಿಟ್ಟು ಬಂದ ಅಜ್ಜಿ ಮಾತಾಡದೆ ಕೂತರೆ ಅದು ಖಿನ್ನತೆ ಇರಬಹುದು. ಅದಕ್ಕೆ ಔಷಧಿ ಇದೆ.

ಅಂಕ 95 ಇದ್ದೂ ಇಡೀ ದಿನದ ಕಾವಲು

ಬಾರ್ಥೆಲ್ ಲೆಕ್ಕದಲ್ಲಿ ಒಂದು ದೊಡ್ಡ ಕಂಡಿ ಇದೆ. ಮರೆವಿನ ಕಾಯಿಲೆಯ ಒಬ್ಬ ನಿವೃತ್ತ ಮಾಸ್ತರರನ್ನು ಊಹಿಸಿಕೊಳ್ಳಿ. ತಾವೇ ಉಣ್ಣುತ್ತಾರೆ, ತಾವೇ ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಅಂಕ 95. ಆದರೆ ಗ್ಯಾಸ್ ಹಚ್ಚಿ ಮರೆಯುತ್ತಾರೆ, ನಡುರಾತ್ರಿ ಶಾಲೆಗೆ ಹೊತ್ತಾಯಿತು ಅಂತ ಹೊರಡುತ್ತಾರೆ. 60 ಅಂಕದ ನಮ್ಮ ಅಜ್ಜಿಗಿಂತ ಇವರಿಗೇ ಹೆಚ್ಚು ಜನ ಬೇಕು.

ಜರ್ಮನಿಗೆ ಈ ಪಾಠ ಕಲಿಯಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿ 1995ರಲ್ಲಿ ಆರೈಕೆ ವಿಮೆ ಬಂದಾಗ ಎಲ್ಲವನ್ನೂ ಗಡಿಯಾರ ಹಿಡಿದು ಅಳೆದರು. ದಿನಕ್ಕೆ ಕನಿಷ್ಠ 90 ನಿಮಿಷದ ಸಹಾಯ ಬೇಕಾದರೆ ಮೊದಲ ಹಂತ, 3 ಗಂಟೆಗೆ ಎರಡನೆಯದು, 5 ಗಂಟೆಗೆ ಮೂರನೆಯದು. ಸ್ನಾನ, ಊಟ, ಓಡಾಟದ ನಿಮಿಷಗಳಿಗೇ ಅದರಲ್ಲಿ ಹೆಚ್ಚು ತೂಕ. ಮರೆವಿನವರ ಹಿಂದೆ ಸುತ್ತುವ ಹೊತ್ತು ಆ ಲೆಕ್ಕದಲ್ಲಿ ಸರಿಯಾಗಿ ಕೂರಲಿಲ್ಲ. ಕಡೆಗೆ 2017ರ ಜನವರಿಯಿಂದ ನಿಮಿಷದ ಲೆಕ್ಕ ಬಿಟ್ಟು ಐದು ದರ್ಜೆಗಳನ್ನು ತಂದರು. ಈಗ ಓಡಾಟಕ್ಕೆ ಶೇಕಡಾ 10, ಸ್ವಂತ ಕೆಲಸಗಳಿಗೆ 40, ಬುದ್ಧಿ ಮತ್ತು ನಡವಳಿಕೆಗೆ 15, ಔಷಧಿ ಚಿಕಿತ್ಸೆ ನಿಭಾಯಿಸುವುದಕ್ಕೆ 20, ದಿನಚರಿ ಮತ್ತು ಜನರೊಂದಿಗಿನ ಒಡನಾಟಕ್ಕೆ 15 ಹೀಗೆ ತೂಕ ಹಾಕುತ್ತಾರೆ. ಜಪಾನಿನಲ್ಲಿ 2000ದಿಂದ ಇಂಥದೇ ವಿಮೆ ಇದೆ. ಅಲ್ಲಿ ಮನೆಗೆ ಬಂದು 74 ಅಂಶ ನೋಡುತ್ತಾರೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಆಮೇಲೆ ತಜ್ಞರ ಸಮಿತಿ ಕೂತು ಏಳು ಹಂತಗಳಲ್ಲಿ ಒಂದನ್ನು ಕೊಡುತ್ತದೆ.

ನಮ್ಮ ದೇಶದಲ್ಲಿ ಅಂಥ ವಿಮೆ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಸೆಕ್ಷನ್, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಅನ್ನುತ್ತದೆ. ಆ 'ಬಹುದು' ಅನ್ನುವ ಪದ ಗಮನಿಸಿ. 2024ರ ಅಕ್ಟೋಬರಿನಿಂದ 70 ದಾಟಿದವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಸೌಲಭ್ಯ ಬಂದಿದೆ. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ ಮಾತ್ರ. ದಿನಾ ಸ್ನಾನ ಮಾಡಿಸುವವರ ಪಗಾರಕ್ಕೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಅಗತ್ಯ ಏನು ಸಣ್ಣದಲ್ಲ. 2017-18ರ ರಾಷ್ಟ್ರೀಯ ಹಿರಿಯರ ಸಮೀಕ್ಷೆಯಲ್ಲಿ 60 ದಾಟಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಈ ಮೂಲ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗಿತ್ತು. ಹಣ ನಮ್ಮದೇ ಆದ್ದರಿಂದ ಲೆಕ್ಕವನ್ನೂ ನಾವೇ ಕೇಳಬೇಕಾಗಿದೆ.

ಬೆಳಿಗ್ಗೆ ಆರರಿಂದ ಒಂಬತ್ತು

ಅಂಕ ಬಂತು, ಅದನ್ನು ಕೈಗಳ ಲೆಕ್ಕಕ್ಕೆ ಇಳಿಸುವುದು ಹೇಗೆ? ನಮ್ಮ ಅಜ್ಜಿಯ ಒಂದು ಬೆಳಗು ನೋಡಿ. ಎಬ್ಬಿಸಿ ಕೂರಿಸಲು 4 ನಿಮಿಷ. ಎರಡು ಸಲ ಸಂಡಾಸು, ತಲಾ 8ರಂತೆ 16. ಸ್ನಾನ 30. ಸೀರೆ, ತಲೆ 15. ನಾಷ್ಟಾ, ಮಾತ್ರೆ 10. ಒಟ್ಟು 75 ನಿಮಿಷ. ಇದು ನನ್ನ ಅಂದಾಜು, ನಿಮ್ಮ ಮನೆಯ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಒಬ್ಬ ಮಾವಶಿಗೆ ಇರುವುದು 180 ನಿಮಿಷ. ಅಂದರೆ ಇಂಥ ಇಬ್ಬರನ್ನು ನೆಮ್ಮದಿಯಾಗಿ ನೋಡಬಹುದು, ಮೂವರಾದರೆ ಓಟ. ಎಂಟು ಜನರನ್ನು ವಹಿಸಿದ್ದರೆ ಏನಾಗುತ್ತದೆ? ಸ್ನಾನ ವಾರಕ್ಕೆ ಎರಡಾಗುತ್ತದೆ. ಸಂಡಾಸಿಗೆ ಕರೆದೊಯ್ಯುವ ಬದಲು ಡೈಪರ್ ಬರುತ್ತದೆ. ತಾವೇ ಉಣ್ಣುವವರಿಗೂ ಬೇಗ ಮುಗಿಯಲಿ ಅಂತ ತುತ್ತು ಇಡುತ್ತಾರೆ. ಮಾವಶಿ ಕೆಟ್ಟವಳಲ್ಲ, ಅವಳ ಹತ್ತಿರ ನಿಮಿಷ ಇಲ್ಲ.

ಆರೈಕೆ ಕಡಿಮೆಯಾದರೆ ಅಪಾಯ ಅನ್ನುವುದು ಎಲ್ಲರಿಗೂ ಗೊತ್ತು. ಬೇಡದ ಆರೈಕೆಯೂ ಅಷ್ಟೇ ಕೆಡುಕು ಅನ್ನುವುದು ನನ್ನ ಅಭಿಪ್ರಾಯ. ನಡೆಯುವವರಿಗೆ ಡೈಪರ್ ಕಟ್ಟಿ ಮಲಗಿಸಿದರೆ ತೊಡೆಯ ಬಲ ವಾರಗಳಲ್ಲೇ ಇಳಿಯುತ್ತದೆ, ಆಮೇಲೆ ನಿಜವಾಗಿಯೂ ನಡೆಯಲಾಗದು. ತುತ್ತು ಇಟ್ಟು ಇಟ್ಟು ಉಣ್ಣುವ ಕೈ ಸುಮ್ಮನಾಗುತ್ತದೆ. ಮಗ ಬಂದು ನೋಡಿ 'ಎಷ್ಟು ಚೆನ್ನಾಗಿ ನೋಡ್ಕೋತಾರೆ, ಅವ್ವ ಒಂದು ಕಡ್ಡಿ ಎತ್ತೋ ಹಾಗಿಲ್ಲ' ಅಂತ ಸಂತೋಷಪಡುತ್ತಾನೆ. ನಮ್ಮ ಅಜ್ಜಿಗೆ ಮೂತ್ರ ತಡೆಯದು ನಿಜ, ಆದರೆ ಎರಡು ಮೂರು ಗಂಟೆಗೊಮ್ಮೆ ಕರೆದುಕೊಂಡು ಹೋದರೆ ಸೀರೆ ಬಹುಮಟ್ಟಿಗೆ ಒಣಗಿರುತ್ತದೆ. ಆ ಸಾಲು ಅವರ ಆರೈಕೆ ಪಟ್ಟಿಯಲ್ಲಿ ಬರಬೇಕು: 'ಡೈಪರ್ ಬೇಡ, ಕರೆದೊಯ್ಯಬೇಕು'.

ಹಾಸಿಗೆ ಹಿಡಿದವರ ಲೆಕ್ಕ ಬೇರೆ. ಅಲ್ಲಿ ಬೆನ್ನು ಹುಣ್ಣಿನ ಭಯ. ಅದಕ್ಕೆ 1987ರಲ್ಲಿ ಬಂದ ಬ್ರೇಡನ್ ಅಳತೆ ಇದೆ. ಸ್ಪರ್ಶದ ಅರಿವು, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಊಟ, ಹಾಸಿಗೆಗೆ ಮೈ ಉಜ್ಜುವುದು ಈ ಆರನ್ನು ನೋಡಿ 6ರಿಂದ 23ರವರೆಗೆ ಅಂಕ ಹಾಕುತ್ತಾರೆ. 18 ಅಥವಾ ಕಡಿಮೆ ಬಂದರೆ ಅಪಾಯ. ಇಂಥವರಿಗೆ ಹಗಲೂ ರಾತ್ರಿ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳುವುದು ಇದಕ್ಕೇ. ಒಬ್ಬರೇ ಇದ್ದು, ಅವರೂ ಕೆಳಗಿನ ಮಹಡಿಯಲ್ಲಿ ಮಲಗಿದರೆ ಮಗ್ಗುಲು ಬದಲಿಸುವವರು ಯಾರು?

ಸೇರಿಸುವಾಗ, ಸೇರಿಸಿದ ಮೇಲೆ

ನೀವು ಬರೆದ ಹತ್ತು ಕೆಲಸದ ಪಟ್ಟಿಯ ಒಂದು ಪ್ರತಿ ಆಶ್ರಮದ ಫೈಲಿನಲ್ಲಿ ಇರಲಿ, ಒಂದು ನಿಮ್ಮ ಬಳಿ. ಫೀಸಿನ ಕರಾರಿನಲ್ಲಿ ಯಾವ ಹಂತದ ಆರೈಕೆಗೆ ಈ ಹಣ, ಹಂತ ಬದಲಾದರೆ ಯಾರು ಅಳೆದು ತೀರ್ಮಾನಿಸುತ್ತಾರೆ, ಎಷ್ಟು ಏರುತ್ತದೆ ಎಂಬುದು ಬರವಣಿಗೆಯಲ್ಲಿರಲಿ. 'ಮುಂದೆ ನೋಡೋಣ' ಅನ್ನುವ ಮಾತಿಗೆ ಒಪ್ಪಬೇಡಿ. ಹಾಸಿಗೆ ಹಿಡಿದರೆ ವಾಪಸ್ ಕರೆದುಕೊಂಡು ಹೋಗಿ ಅನ್ನುವ ಆಶ್ರಮವೂ ಇರುತ್ತದೆ, ಅದನ್ನು ಮೊದಲೇ ಕೇಳಿ ತಿಳಿಯಿರಿ. ಕೇಂದ್ರ ಸರ್ಕಾರದ ಹಿರಿಯರ ಯೋಜನೆಯಲ್ಲೂ ಸಾಮಾನ್ಯ ಆಶ್ರಮ ಬೇರೆ, ಸತತ ಆರೈಕೆ ಬೇಕಾದವರ ಮತ್ತು ಡಿಮೆನ್ಷಿಯಾ ಇರುವವರ ಮನೆ ಬೇರೆ.

ಮತ್ತೆ ಮತ್ತೆ ಅಳೆಯಬೇಕು. ಮೂರು ತಿಂಗಳಿಗೊಮ್ಮೆ, ಮತ್ತು ಬಿದ್ದಾಗ, ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡಾಗ. ಅಂಕ ಏರಿದರೆ ಆರೈಕೆ ಇಳಿಸಲು ಹಿಂಜರಿಯಬೇಡಿ. ಆರೈಕೆಯಲ್ಲಿ ಏನಾದರೂ ಅನ್ಯಾಯ ಕಂಡರೆ, ಸಲಹೆ ಬೇಕಾದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಇನ್ನೊಂದು ಕಾಗದ ನೀವೇ ಬರೆದು ಹಾಸಿಗೆಯ ಪಕ್ಕ ಅಂಟಿಸಿ ಬನ್ನಿ. ಅಜ್ಜಿ ಆಡುವ ಇಪ್ಪತ್ತು ಮಾತು ಎಡಗಡೆ ದೇವನಾಗರಿ ಅಕ್ಷರದಲ್ಲಿ, ಅದರ ಮರಾಠಿ ಅರ್ಥ ಬಲಗಡೆ. ಬ್ಯಾನಿ, ನೀರಡಿಕೆ, ಒಂದಕ್ಕ, ಎರಡಕ್ಕ, ತಲಿ ತಿರಗತೈತಿ, ಚಳಿ, ಸಾಕು, ಬ್ಯಾಡ. ಮಾವಶಿ ಓದಿಕೊಂಡು ನಾಲ್ಕು ದಿನದಲ್ಲಿ ಕಲಿಯುತ್ತಾಳೆ. ಆಮೇಲೆ ಸಿಸ್ಟರು ಅಂಕ ಹಾಕುವಾಗ ಪಕ್ಕದಲ್ಲಿ ಆ ಕಾಗದ ಇರುತ್ತದೆ, ಇಲ್ಲವೇ ಸ್ಪೀಕರ್ ಹಾಕಿದ ಫೋನಿನಲ್ಲಿ ನೀವಿರುತ್ತೀರಿ.

ಭಾನುವಾರ ಫೋನ್ ಮಾಡಿದಾಗ 'ಅವ್ವ ಆರಾಮ ಇದಾಳಾ?' ಅಂತ ಕೇಳಿದರೆ 'ಏಕದಮ್ ಆರಾಮ' ಅನ್ನುವ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: ಈ ವಾರ ಎಷ್ಟು ದಿನ ಝಳಕ ಆಯ್ತು? ಕುರ್ಚಿಯಿಂದ ಏಳುವಾಗ ಒಬ್ಬರು ಹಿಡೀತಾರಾ, ಇಬ್ಬರಾ? ರಾತ್ರಿ ಎಷ್ಟು ಸಲ ಎದ್ದರು? ತಾಟಿನಲ್ಲಿ ಎಷ್ಟು ಉಳಿಸಿದರು? ಆಮೇಲೆ ಫೋನನ್ನು ಅವ್ವನ ಕೈಗೆ ಕೊಡಿ ಅನ್ನಿ.